ಗೋಡೆಗೆ ಮೊಸಾಯಿಕ್, ಸೆರಾಮಿಕ್ ಕಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಮುಂಗೋಡೆ, ಶಾಲೆಯ ಕಾಂಪೌಂಡು, ಆಸ್ಪತ್ರೆಯ ಪಡಸಾಲೆ, ಊರಿನ ವೃತ್ತ ಇಂಥ ಕಡೆ ಮೊಸಾಯಿಕ್ ಅಥವಾ ಸುಟ್ಟ ಮಣ್ಣಿನ (ಸೆರಾಮಿಕ್) ಉಬ್ಬುಚಿತ್ರ ಮಾಡಿಸಲು ಹೊರಟವರು ಮುಂಗಡ ಕೊಡುವ ಮೊದಲು ಓದಲಿ ಎಂದು ಇದನ್ನು ಬರೆದಿದ್ದೇವೆ. ಹೆಚ್ಚಿನವರು ಮೊದಲು ಕೇಳುವುದು ಚಿತ್ರದ ಬಗ್ಗೆ. ನಾವು ಮೊದಲು ಕೇಳುವುದು ಗೋಡೆಯ ಬಗ್ಗೆ, ಅದರ ಹಿಂದೆ ನೀರು ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ.

ಮೊಸಾಯಿಕ್ ಅಂದರೆ ಹಳೇ ಮನೆಗಳ ನೆಲದಲ್ಲಿ ಇರುತ್ತಿತ್ತಲ್ಲ, ಅದೇನಾ?

ಅಲ್ಲ. ನಮ್ಮಲ್ಲಿ "ಮೊಸಾಯಿಕ್ ನೆಲ" ಎಂದು ಕರೆಯುವುದು ಸಿಮೆಂಟಿಗೆ ಅಮೃತಶಿಲೆಯ ಚೂರು ಬೆರೆಸಿ, ಹಾಸಿ, ಯಂತ್ರದಿಂದ ಉಜ್ಜಿ ನಯ ಮಾಡಿದ ನೆಲ. ಹೊರಗಡೆ ಅದಕ್ಕೆ ಟೆರಾಝೊ ಎನ್ನುತ್ತಾರೆ. ತಾರಸಿ ಸೋರದಿರಲೆಂದು ಬಿಳಿ ಟೈಲ್ ಚೂರು ಒತ್ತಿ ಮಾಡುವ "ಚೈನಾ ಮೊಸಾಯಿಕ್" ನಾವು ಹೇಳುವ ಮೊಸಾಯಿಕ್‌ಗೆ ಹೆಚ್ಚು ಹತ್ತಿರದ ನೆಂಟ. ಇಲ್ಲಿ ಮಾತಾಡುತ್ತಿರುವುದು ಕಲ್ಲು, ಗಾಜು, ಮೆರುಗಿನ ಟೈಲ್ ಇವುಗಳ ತುಂಡುಗಳನ್ನು ಒಂದೊಂದಾಗಿ ಜೋಡಿಸಿ ಚಿತ್ರ ಮಾಡುವ ಕಲೆಯ ಬಗ್ಗೆ.

ಮೊಸಾಯಿಕ್ ಒಳ್ಳೆಯದೋ, ಸೆರಾಮಿಕ್ ಮ್ಯೂರಲ್ (ಗೋಡೆಚಿತ್ರ) ಒಳ್ಳೆಯದೋ?

ಬಾಗಿದ ಗೋಡೆ, ಕಂಬ, ಕಲ್ಲುಬೆಂಚು, ಕಾರಂಜಿಯ ತೊಟ್ಟಿ ಇದ್ದರೆ ಮೊಸಾಯಿಕ್. ಚಿಕ್ಕ ತುಂಡು ಯಾವ ಬಾಗಿಗೂ ಹೊಂದಿಕೊಳ್ಳುತ್ತದೆ. ಬಾರ್ಸಿಲೋನಾದ ಪಾರ್ಕ್ ಗುಯೆಲ್‌ನಲ್ಲಿ (1900–1914) ಹಾವಿನಂತೆ ಬಳುಕುವ ಬೆಂಚಿಗೆ ವಾಸ್ತುಶಿಲ್ಪಿಗಳಾದ ಗೌಡಿ ಮತ್ತು ಜುಜೋಲ್ ಒಡೆದ ಟೈಲ್ ಬಳಸಿದ್ದಕ್ಕೆ ಇದೂ ಒಂದು ಕಾರಣ. ನೆರಳು-ಬೆಳಕಿನಲ್ಲಿ ಉಬ್ಬುತಗ್ಗು ಕಾಣಬೇಕು, ಮುಟ್ಟಿದರೆ ಕೈಗೆ ಆಕಾರ ಸಿಗಬೇಕು ಎಂದಿದ್ದರೆ ಸೆರಾಮಿಕ್ ಉಬ್ಬುಫಲಕ. ಖರ್ಚು ಎರಡಕ್ಕೂ ಕೂಲಿಯಲ್ಲೇ ಹೆಚ್ಚು, ಸಾಮಗ್ರಿಯಲ್ಲಿ ಅಲ್ಲ.

ಬಿಸಿಲು ಮಳೆಗೆ ಎಷ್ಟು ವರ್ಷ ಬಾಳುತ್ತದೆ?

ಉತ್ತರಕ್ಕೆ ಬೀದರಿಗೆ ಹೋಗಿ ಬನ್ನಿ. ಬಹಮನಿ ಮಂತ್ರಿ ಮಹಮೂದ್ ಗವಾನರ ಮದರಸಾ ಕಟ್ಟಿದ್ದು 1472ರಲ್ಲಿ. ಇರಾನಿನ ಮಾದರಿಯ ಮೆರುಗಿನ ಟೈಲ್‌ಗಳನ್ನು ಅದರ ಮುಂಗೋಡೆಗೂ ಮಿನಾರಿಗೂ ಹೊದಿಸಿದ್ದರು. 1696ರಲ್ಲಿ ಒಳಗಿದ್ದ ಮದ್ದುಗುಂಡು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಆದರೂ ಉಳಿದಿರುವ ಒಂದು ಮಿನಾರಿನ ಮೈಮೇಲೆ ಅಂಕುಡೊಂಕು ಪಟ್ಟೆಗಳು ಅಲ್ಲಲ್ಲಿ ಇಂದಿಗೂ ಕಾಣುತ್ತವೆ. ಹತ್ತಿರ ನಿಂತು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಟೈಲ್ ಉಳಿದ ಕಡೆ ನೀಲಿ ಇನ್ನೂ ನೀಲಿಯೇ, ಸುಣ್ಣದಂತೆ ಪೇಲವವಾಗಿಲ್ಲ. ಟೈಲ್ ಇಲ್ಲದ ಕಡೆ ಅದು ಇಡಿಯಾಗಿ ಗಾರೆಯಿಂದ ಕಳಚಿಹೋಗಿದೆ. ಭಟ್ಟಿಯ ಬಿಸಿಯಲ್ಲಿ ಕರಗಿ ಗಾಜಾದ ಬಣ್ಣವನ್ನು ಬಿಸಿಲು ತೆಗೆಯಲಾರದು. ಸೋಲುವುದು ಹಿಡಿತ.

ಹಾಗಾಗಿ "ಬಣ್ಣ ಎಷ್ಟು ವರ್ಷ" ಎಂದು ಕೇಳುವ ಬದಲು "ಅಂಟು ಮತ್ತು ಗೋಡೆ ಎಷ್ಟು ವರ್ಷ" ಎಂದು ಕೇಳಿ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಟೈಲ್ ಜೊತೆಗೆ ಕಪ್ಪು ಶಿಲೆಯಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿಯನ್ನೂ ನೋಡಿ. ಅಲ್ಲಿ ಕಲ್ಲನ್ನೇ ಚಿಪ್ಪಿನ ಆಕಾರಕ್ಕೆ ತೋಡಿ ಕೂರಿಸಿದ್ದಾರೆ, ಮೇಲೆ ಸುಮ್ಮನೆ ಮೆತ್ತಿಲ್ಲ.

ನಮ್ಮ ಗೋಡೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಹೊಸ ಪ್ಲಾಸ್ಟರ್ ಆಗಿದ್ದರೆ ಕ್ಯೂರಿಂಗ್ ಮುಗಿದು ಒಣಗಲು ಒಟ್ಟು 28 ದಿನ ಬಿಡಿ. ಹಳೆಯದಾದರೆ ಗೋಡೆಯ ಉದ್ದಕ್ಕೂ ಬೆರಳ ಗೆಣ್ಣಿನಿಂದ ಅಥವಾ ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಪ್ಲಾಸ್ಟರನ್ನು ಕಿತ್ತು ಹೊಸದಾಗಿ ಮಾಡಿಸಿ. ಬಣ್ಣ, ಪುಟ್ಟಿ, ಸುಣ್ಣ ಇದ್ದರೆ ಪೂರ್ತಿ ಕೆರೆದು ತೆಗೆಯಲೇಬೇಕು. ಅದರ ಮೇಲೆ ಅಂಟಿಸಿದ್ದು ಬಣ್ಣಕ್ಕೆ ಅಂಟುತ್ತದೆ, ಗೋಡೆಗಲ್ಲ. ಎರಡು ಮೀಟರ್ ಉದ್ದದ ಮಟ್ಟಗೋಲು ಇಟ್ಟಾಗ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಅಂಟಿನಿಂದಲೇ ತಗ್ಗು ತುಂಬಿಸಿದರೆ ದಪ್ಪವಾದ ಕಡೆ ಅದು ಕುಗ್ಗಿ ತುಂಡುಗಳನ್ನು ಒಳಕ್ಕೆ ಎಳೆಯುತ್ತದೆ.

ಕಾಂಪೌಂಡ್ ಗೋಡೆಗೆ ಮೂರು ಕಡೆಯಿಂದ ನೀರು ನುಗ್ಗುತ್ತದೆ. ಬುಡದಿಂದ ತೇವ ಏರುತ್ತದೆ. ನೆಲಮಟ್ಟದಿಂದ ಕನಿಷ್ಠ 20–30 ಸೆಂ.ಮೀ. ಬಿಟ್ಟು ಚಿತ್ರ ಶುರು ಮಾಡಿ, ಆ ಪಟ್ಟಿಗೆ ಕಲ್ಲು ಹೊದಿಸಿ. ಹಿಂಬದಿಯಲ್ಲಿ ತೋಟದ ಮಣ್ಣು ಗೋಡೆಗೆ ಒತ್ತಿಕೊಂಡಿದ್ದರೆ ಆ ಕಡೆ ಜಲನಿರೋಧಕ ಲೇಪನವೂ ನೀರು ಹೊರಬರಲು ಕೊಳವೆಯೂ ಬೇಕು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಗೋಡೆಯ ತಲೆ. ಅಲ್ಲಿ ಎರಡೂ ಕಡೆ ಮೂರು ಸೆಂ.ಮೀ. ಹೊರಚಾಚಿದ ಚಪ್ಪಡಿ ಇರಲಿ, ಚಾಚಿದ ಭಾಗದ ಅಡಿಗೆ ಉದ್ದಕ್ಕೂ ಒಂದು ಗೆರೆ ಕೊರೆಸಿ. ಮಳೆನೀರು ಆ ಗೆರೆಯ ಹತ್ತಿರ ಬಂದು ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ, ಗೋಡೆಯ ಮೈಗೆ ಹರಿಯುವುದಿಲ್ಲ. ಮೇಲಿನ ಸಾಲು ಮೊದಲು ಕಳಚಿದ ಮೊಸಾಯಿಕ್ ಕಂಡರೆ ಗೋಡೆಯ ತಲೆ ನೋಡಿ, ಚಪ್ಪಡಿ ಇರುವುದಿಲ್ಲ.

ಹೊರಗಡೆಗೆ ಯಾವ ಟೈಲ್?

ನೀರು ಕುಡಿಯದಂಥದ್ದು. ಪೂರ್ತಿ ವಿಟ್ರಿಫೈಡ್ (ಗಾಜಿನಂತೆ ಒತ್ತಾಗಿ ಸುಟ್ಟ) ಟೈಲ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಬಚ್ಚಲುಮನೆ ಗೋಡೆಗೆ ಬರುವ ಕೆಂಪು ಅಥವಾ ಬಿಳಿ ಮಣ್ಣಿನ ಹಗುರ ಟೈಲ್ ಶೇ. 10ಕ್ಕೂ ಹೆಚ್ಚು ಹೀರುತ್ತದೆ. ಅಂಗಡಿಯವರ ಮಾತು ಬೇಡ, ನೀವೇ ಅಳೆಯಬಹುದು: ಒಣ ಟೈಲ್ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿ. 500 ಗ್ರಾಂ ಇದ್ದದ್ದು 560 ಆದರೆ ಶೇ. 12. ಇಂಥ ಟೈಲ್ ಒಳಗೋಡೆಗೆ ಇರಲಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಟೈಲಿನ ಬೆನ್ನಿಗೆ ಒಂದು ಹನಿ ನೀರು ಬಿಡಿ. ಕೂಡಲೇ ಹೀರಿಕೊಂಡರೆ ಬೇಡ.

ಗಾಜಿನ ಮೊಸಾಯಿಕ್ ನೀರು ಕುಡಿಯುವುದೇ ಇಲ್ಲ, ಆದರೆ ಅದರ ಮೂಲಕ ಹಿಂದಿನ ಅಂಟು ಕಾಣುತ್ತದೆ. ಅದಕ್ಕೆ ಬಿಳಿ ಅಂಟೇ ಬೇಕು. ಬೂದು ಅಂಟು ಹಾಕಿದರೆ ಹಳದಿ, ಕಿತ್ತಳೆ ಬಣ್ಣಗಳೆಲ್ಲ ಕೊಳೆಯಾದಂತೆ ಕಾಣುತ್ತವೆ.

ಮಂಗಳೂರು ಹೆಂಚಿನ ಚೂರು ಬಳಸಬಹುದೇ?

ಅದರ ಕೆಂಪಿಗೆ ಸಾಟಿಯಿಲ್ಲ, ಮನಸ್ಸಾಗುವುದು ಸಹಜ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ಕರಾವಳಿಯ ಕಣ್ಣಿಗೆ ಒಗ್ಗಿದ ಬಣ್ಣ ಅದು. ಆದರೆ ಹೆಂಚು ನೀರು ಕುಡಿಯುತ್ತದೆ. ಮಾಡಿನ ಮೇಲೆ ಗಾಳಿಯಾಡುವುದರಿಂದ ಬೇಗ ಒಣಗುತ್ತದೆ. ಗೋಡೆಗೆ ಅಂಟಿಸಿದರೆ ಹಾಗಾಗದೆ ಪಾಚಿ ಹಿಡಿಯುತ್ತದೆ. ಸೂರಿನಡಿ, ಜಗಲಿಯ ಒಳಗೋಡೆಗೆ ಧಾರಾಳವಾಗಿ ಬಳಸಿ.

ಒಡೆದ ಪಿಂಗಾಣಿ, ಬಳೆಚೂರು, ಕನ್ನಡಿ?

ಚಂಡೀಗಢದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆದಾಗ, ಒಡೆದ ಬಳೆ ಮತ್ತು ಪಿಂಗಾಣಿಯಿಂದ ಏನೆಲ್ಲ ಮಾಡಬಹುದೆಂದು ಅದನ್ನು ಕಟ್ಟಿದ ನೇಕ್ ಚಂದ್ ತೋರಿಸಿಕೊಟ್ಟರು. ಪಿಂಗಾಣಿ ಕಪ್ಪು-ಬಸಿಯ ಚೂರು ಹೊರಗೂ ಚೆನ್ನ. ಬಾಗಿದ ತುಂಡಿನ ಹಿಂದೆ ಪೊಳ್ಳು ಉಳಿಯದಂತೆ ಬೆನ್ನಿಗೂ ಅಂಟು ತುಂಬಿಸಿ. ಬಳೆಚೂರಿನ ತುದಿಯನ್ನು ಉಜ್ಜುವ ಕಲ್ಲಿನಲ್ಲಿ ಮೊಂಡು ಮಾಡದೆ ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಹಾಕಬಾರದು. ಕನ್ನಡಿ ಒಳಗಡೆಗೆ ಮಾತ್ರ: ಹೊರಗೆ ಅಂಚಿನಿಂದ ತೇವ ನುಗ್ಗಿ ಬೆನ್ನಿನ ಬೆಳ್ಳಿ ಲೇಪ ಕಪ್ಪಾಗುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಬಳಸಿದರೆ ಇನ್ನೂ ಬೇಗ.

ಎಷ್ಟು ಸಾಮಗ್ರಿ ಹಿಡಿಯುತ್ತದೆ?

ಒಂದು ಚದರ ಮೀಟರ್, ಅಂದರೆ 10.76 ಚದರಡಿಗೆ ಲೆಕ್ಕ ಇಲ್ಲಿದೆ. 20 ಮಿ.ಮೀ. ತುಂಡು, 2 ಮಿ.ಮೀ. ಸಂದು ಆದರೆ ಸುಮಾರು 2,070 ತುಂಡು. 10 ಮಿ.ಮೀ. ತುಂಡು, 1 ಮಿ.ಮೀ. ಸಂದು ಆದರೆ 8,260. ತುಂಡಿನ ಅಳತೆ ಅರ್ಧವಾದರೆ ಕೆಲಸ ನಾಲ್ಕು ಪಟ್ಟು ಎನ್ನುವುದು ಇದಕ್ಕೇ. ಮುಖ, ಕೈಬೆರಳಿಗೆ ಮಾತ್ರ ಚಿಕ್ಕದು, ಆಕಾಶ-ಹೊಲಗಳಿಗೆ ದೊಡ್ಡದು ಎಂದು ಹಂಚಿದರೆ ಖರ್ಚೂ ಇಳಿಯುತ್ತದೆ, ನೋಡುವವರ ಕಣ್ಣೂ ಮುಖದ ಕಡೆಗೇ ಹೋಗುತ್ತದೆ.

ಟೈಲ್ ಕೂರಿಸುವ ಸಿಮೆಂಟ್ ಅಂಟಿನ ಪುಡಿ 1 ಮಿ.ಮೀ. ದಪ್ಪಕ್ಕೆ ಸುಮಾರು ಒಂದೂವರೆ ಕೆ.ಜಿ. ಮೂರು ಮಿ.ಮೀ. ಹಾಸಿದರೆ ನಾಲ್ಕೂವರೆ ಕೆ.ಜಿ., ಅಂದರೆ 20 ಕೆ.ಜಿ. ಚೀಲ ನಾಲ್ಕು ಚದರ ಮೀಟರಿಗೆ ಬಂದೀತು. ಸಂದು ತುಂಬುವ ಗ್ರೌಟ್ 4 ಮಿ.ಮೀ. ದಪ್ಪದ 20 ಮಿ.ಮೀ. ತುಂಡಿಗೆ 1.3 ಕೆ.ಜಿ.; 8 ಮಿ.ಮೀ. ದಪ್ಪದ ಒಡೆದ ಟೈಲ್, 5 ಮಿ.ಮೀ. ಸಂದು ಆದರೆ ಎರಡೂವರೆ ಕೆ.ಜಿ. ಟೈಲ್ ಮಾತ್ರ ಲೆಕ್ಕಕ್ಕಿಂತ ಹೆಚ್ಚು ತನ್ನಿ. ಚೌಕ ತುಂಡಿಗೆ ಶೇ. 10, ಒಡೆದು ಜೋಡಿಸುವುದಕ್ಕೆ ಶೇ. 25 ಹೆಚ್ಚುವರಿ. ಎಲ್ಲ ಒಂದೇ ಬ್ಯಾಚಿನದ್ದಾಗಿರಲಿ, ಮುಂದಿನ ತಿಂಗಳು ಅದೇ ಹೆಸರಿನ ಹಸಿರು ಬೇರೆ ಹಸಿರಾಗಿರುತ್ತದೆ.

ಕಾರ್ಯಾಗಾರದಲ್ಲಿ ಮಾಡಿದ್ದನ್ನು ಗೋಡೆಗೆ ಸಾಗಿಸಿ ಕೂರಿಸುವುದು ಹೇಗೆ?

ಹೊರಗೋಡೆಗೆ ನಾವು ಒಪ್ಪುವುದು ಮುಖಕ್ಕೆ ಕಾಗದ ಅಂಟಿಸುವ ಕ್ರಮವನ್ನು. ಪೂರ್ಣ ಅಳತೆಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ತುಂಡುಗಳನ್ನು ಮುಖ ಮೇಲಾಗಿ ಜೋಡಿಸಿ. ಪೂರ್ತಿಯಾದ ಮೇಲೆ ಮೈದಾ ಅಂಟನ್ನು ಗಂಜಿಯಷ್ಟು ತೆಳ್ಳಗೆ ಕಾಯಿಸಿ, ಖಾಕಿ ಕಾಗದಕ್ಕೆ ಸವರಿ ಚಿತ್ರದ ಮುಖಕ್ಕೆ ಅಂಟಿಸಿ. ಒಣಗಲು ಒಂದು ದಿನ ಬೇಕು. ಆಮೇಲೆ ಸಂದುಗಳ ಗುಂಟ ಕತ್ತರಿಸಿ 40 ಸೆಂ.ಮೀ. ಆಸುಪಾಸಿನ ಹಾಳೆಗಳನ್ನಾಗಿ ಮಾಡಿ. ನೇರ ಗೆರೆಯಲ್ಲಿ ಕತ್ತರಿಸಬೇಡಿ, ಚಿತ್ರದ ಗೆರೆಯ ಜೊತೆಗೆ ಹೋಗಿ. ಪ್ರತಿ ಹಾಳೆಗೆ ಸಂಖ್ಯೆ, ಮೇಲ್ಮುಖ ಬಾಣ, ಅಕ್ಕಪಕ್ಕದ ಹಾಳೆಗೂ ಸೇರಿ ಅಡ್ಡಗೆರೆ ಗುರುತು ಹಾಕಿ, ಕೂಡಿಸುವಾಗ ಆ ಗೆರೆಗಳೇ ದಾರಿ ತೋರಿಸುತ್ತವೆ. ಸಾಗಿಸುವ ಮುನ್ನ ಎಲ್ಲದರ ಫೋಟೊ ತೆಗೆದಿಡಿ.

ಗೋಡೆಯ ಮೇಲೆ ನೂಲು ಹೊಡೆದು ಚೌಕ ಗುರುತು ಮಾಡಿ. ಅಂಟನ್ನು ಚೀಲದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಐದು-ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಿ. ಚೀಲದ ಮೇಲೆ ಸಿ2 ಟಿಇ ಎಸ್1 (C2TE S1) ಎಂದಿದ್ದರೆ ಒಳ್ಳೆಯದು: ಹಿಡಿತ ಹೆಚ್ಚು, ಕೆಳಗೆ ಜಾರುವುದಿಲ್ಲ, ಬೇಗ ಕಟ್ಟುವುದಿಲ್ಲ, ಗೋಡೆ ಅಲುಗಿದರೆ ಸ್ವಲ್ಪ ಬಾಗುತ್ತದೆ. ನಾಲ್ಕು ಮಿ.ಮೀ. ಹಲ್ಲಿನ ಕರಣೆಯಲ್ಲಿ ಎಳೆದು, ಚಪ್ಪಟೆ ಬದಿಯಿಂದ ಆ ಸಾಲುಗಳನ್ನು ಮಟ್ಟ ಮಾಡಿ. ಸಾಲು ಹಾಗೇ ಬಿಟ್ಟರೆ ಚಿಕ್ಕ ತುಂಡುಗಳ ನಡುವಿನಿಂದ ಅಂಟು ಮೇಲೆದ್ದು ಬರುತ್ತದೆ. ಬೇಸಿಗೆಯ ಮಧ್ಯಾಹ್ನ ಹತ್ತು ಹದಿನೈದು ನಿಮಿಷದಲ್ಲೇ ಅಂಟಿನ ಮೇಲೆ ಕೆನೆ ಕಟ್ಟುತ್ತದೆ. ಬೆರಳಿಟ್ಟಾಗ ಮೆತ್ತಿಕೊಳ್ಳದಿದ್ದರೆ ಕೆರೆದು ಎಸೆಯಿರಿ, ನೀರು ಚಿಮುಕಿಸಿ ಜೀವ ತರಲು ಹೋಗಬೇಡಿ.

ಹಾಳೆಯನ್ನು ಕಾಗದ ಹೊರಗೆ ಬರುವಂತೆ ಒತ್ತಿ, ಮರದ ಹಲಗೆ ಇಟ್ಟು ಮೆಲ್ಲಗೆ ತಟ್ಟಿ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕಾಗದವನ್ನು ಸ್ಪಂಜಿನಿಂದ ಎರಡು ಮೂರು ಸಲ ನೆನೆಸಿ. ಅದು ಕಪ್ಪಾಗಿ ಮೆತ್ತಗಾದಾಗ ಒಂದು ಮೂಲೆ ಹಿಡಿದು ಗೋಡೆಗೆ ಸಮಾನಾಂತರವಾಗಿ, ಕೆಳಮುಖವಾಗಿ ಎಳೆಯಿರಿ. ನಿಮ್ಮ ಕಡೆಗೆ ಎಳೆದರೆ ತುಂಡುಗಳೂ ಬರುತ್ತವೆ. ಸರಿದ ತುಂಡನ್ನು ಸರಿಪಡಿಸಲು ಸಿಗುವುದು ಇದೊಂದೇ ಅವಕಾಶ, ಆತುರ ಬೇಡ. ಗ್ರೌಟ್ ಮರುದಿನ.

ಕಾಗದದ ಬದಲು ತುಂಡುಗಳ ಬೆನ್ನನ್ನು ಜಾಲರಿಗೆ ಅಂಟಿಸಿದರೆ ಸುಲಭವಲ್ಲವೇ?

ಸುಲಭ, ಒಳಗೋಡೆಗೆ ಸಾಕು. ಆದರೆ ಜಾಲರಿಗೆ ಹಾಕುವ ಬಿಳಿ ಮರದಂಟು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಅಲ್ಲದೆ ತುಂಡಿನ ಬೆನ್ನಿನ ಅರ್ಧ ಭಾಗವನ್ನು ಜಾಲರಿ ಮತ್ತು ಆ ಅಂಟೇ ಮುಚ್ಚಿರುತ್ತವೆ, ಸಿಮೆಂಟ್ ಅಂಟಿಗೆ ಹಿಡಿಯಲು ಜಾಗವೇ ಉಳಿದಿರುವುದಿಲ್ಲ. ಈಜುಕೊಳ, ಕಾರಂಜಿ, ಬಯಲುಗೋಡೆಗೆ ಯಾರಾದರೂ ಜಾಲರಿ ಹೇಳಿದರೆ ಒಪ್ಪಬೇಡಿ.

ಗ್ರೌಟ್ ಯಾವ ಬಣ್ಣ?

ಬಿಳಿ ಗ್ರೌಟ್ ಎಲ್ಲ ಬಣ್ಣಗಳನ್ನೂ ತಿಳಿ ಮಾಡಿ ಚಿತ್ರವನ್ನು ಚೂರುಚೂರಾಗಿ ತೋರಿಸುತ್ತದೆ. ನಡುಬೂದು ಬಣ್ಣ ತುಂಡುಗಳನ್ನು ಒಟ್ಟುಗೂಡಿಸುತ್ತದೆ. 30 ಸೆಂ.ಮೀ. ಚೌಕದ ಮಾದರಿಯಲ್ಲಿ ಮೂರು ಬಣ್ಣ ತುಂಬಿಸಿ, ಒಣಗಿಸಿ, ಗೋಡೆಯ ಬಳಿ ಬಿಸಿಲಿನಲ್ಲೇ ಇಟ್ಟು ನೋಡಿ ಆರಿಸಿ. ಎಪಾಕ್ಸಿ ಗ್ರೌಟ್ ಅಡುಗೆಮನೆಗೆ ಒಳ್ಳೆಯದು, ಬಿಸಿಲಿಗೆ ಹಳದಿಯಾಗುತ್ತದೆ.

ಸೆರಾಮಿಕ್ ಉಬ್ಬುಫಲಕಕ್ಕೆ ಅಷ್ಟೊಂದು ತಿಂಗಳು ಯಾಕೆ ಬೇಕು?

ಮಣ್ಣು ಒಣಗುವುದಕ್ಕೆ. ಹೆಚ್ಚು ಬಿಸಿಯಲ್ಲಿ ಸುಡುವ ಸ್ಟೋನ್‌ವೇರ್ ಮಣ್ಣು ಹಸಿಯಿಂದ ಭಟ್ಟಿ ಇಳಿಯುವ ಹೊತ್ತಿಗೆ ಶೇ. 12ರಷ್ಟು ಕುಗ್ಗುತ್ತದೆ. ಗೋಡೆಯಲ್ಲಿ 2 ಮೀಟರ್ ಬೇಕಾದರೆ ಹಸಿಯಲ್ಲಿ 2.27 ಮೀಟರ್ ಮಾಡಬೇಕು. ಎರಡು ಸೆಂ.ಮೀ. ದಪ್ಪದ ಒಂದು ಚದರ ಮೀಟರಿಗೆ ಹಸಿಮಣ್ಣು ಸುಮಾರು 60 ಕೆ.ಜಿ., ಉಬ್ಬು ಜಾಸ್ತಿ ಇದ್ದರೆ 80. ಚಿತ್ರವನ್ನು ಒಂದೇ ಹಾಸಿನಲ್ಲಿ ಕಡೆದು, ಮಣ್ಣು ಚಪ್ಪಲಿ ತೊಗಲಿನಷ್ಟು ಗಟ್ಟಿಯಾದಾಗ 30 ಸೆಂ.ಮೀ. ಮೀರದ ತುಂಡುಗಳಾಗಿ ಕೊಯ್ಯುತ್ತಾರೆ. ಸೀರೆಯ ನೆರಿಗೆ, ಕೊಂಬೆ, ಬೆಟ್ಟದ ಅಂಚು ಇಂಥ ಗೆರೆಗಳಲ್ಲೇ ಕೊಯ್ದರೆ ಸಂದು ಕಾಣಿಸುವುದಿಲ್ಲ. ಮುಖದ ಅಡ್ಡಕ್ಕೆ ಕೊಯ್ದದ್ದು ಯಾವತ್ತೂ ಕಣ್ಣಿಗೆ ಚುಚ್ಚುತ್ತದೆ. ದಪ್ಪ ಭಾಗಗಳ ಬೆನ್ನನ್ನು ತೋಡಿ ಎಲ್ಲ ಕಡೆ ಒಂದೇ ದಪ್ಪ ಉಳಿಸಬೇಕು.

ಒಣಗಲು ಬೇಸಿಗೆಯಲ್ಲಿ ಎರಡು ಮೂರು ವಾರ, ಮಳೆಗಾಲದಲ್ಲಿ ಐದು. ಅಂಚು ಮೊದಲು ಒಣಗಿ ಮೇಲಕ್ಕೆ ಮುರುಟುತ್ತದೆ, ಅದಕ್ಕೆ ಅಂಚಿಗೆ ಪ್ಲಾಸ್ಟಿಕ್ ಹೊದಿಸಿ ನಡುವನ್ನು ತೆರೆದಿಡುತ್ತಾರೆ. ಮೊದಲ ಸುಡುವಿಕೆ 950–1000 ಡಿಗ್ರಿ ಸೆಲ್ಸಿಯಸ್, ಮೆರುಗು ಬಳಿದು ಎರಡನೆಯದು 1200–1240. ನೀರು ಆವಿಯಾಗುವ 100 ಡಿಗ್ರಿಯ ಹತ್ತಿರ ಆತುರಪಟ್ಟರೆ ಫಲಕ ಭಟ್ಟಿಯೊಳಗೇ ಸಿಡಿಯುತ್ತದೆ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬೆಣಚು ತಟ್ಟನೆ ಗಾತ್ರ ಬದಲಿಸುತ್ತದೆ. ಏರುವಾಗಲೂ ಇಳಿಯುವಾಗಲೂ ಅಲ್ಲಿ ನಿಧಾನವಿರಬೇಕು, ಇಲ್ಲದಿದ್ದರೆ ಸೀಳು. ಪ್ರತಿ ಹತ್ತಕ್ಕೆ ಒಂದು ತುಂಡು ಮತ್ತೆ ಮಾಡಬೇಕಾದೀತು ಎಂದುಕೊಂಡೇ ದಿನ ಹಾಕಿಕೊಳ್ಳಿ.

ಭಾರಕ್ಕೆ ಬಿದ್ದುಬಿಟ್ಟರೆ?

ಎಂಟು ಮಿ.ಮೀ. ಟೈಲ್ ಮೊಸಾಯಿಕ್ ಅಂಟು, ಗ್ರೌಟ್ ಸೇರಿ ಚದರ ಮೀಟರಿಗೆ 25 ಕೆ.ಜಿ. ಆಸುಪಾಸು. ಇಪ್ಪತ್ತೈದು ಮಿ.ಮೀ. ಫಲಕ 55 ದಾಟುತ್ತದೆ. ಜನ ಅಡಿಯಲ್ಲಿ ಓಡಾಡುವ ಜಾಗದಲ್ಲಿ, ತಲೆಯೆತ್ತರದ ಮೇಲೆ, ಅಂಟನ್ನು ಮಾತ್ರ ನಂಬಬಾರದು. ಫಲಕದ ಬೆನ್ನಿಗೆ ಹಸಿಯಲ್ಲೇ ತೂತು ಬಿಟ್ಟು ಸ್ಟೇನ್‌ಲೆಸ್ ಕೊಕ್ಕೆ ಹಾಕಬೇಕು. ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿಗೆ 316 ದರ್ಜೆಯ ಸ್ಟೀಲೇ ಆಗಬೇಕು. ಕಟ್ಟಡದ ಎಂಜಿನಿಯರ್ ಲಿಖಿತವಾಗಿ ಒಪ್ಪದೆ ಎತ್ತರದ ಕೆಲಸ ಶುರು ಮಾಡಬೇಡಿ.

ಉದ್ದದ ಗೋಡೆಗೆ ಇನ್ನೊಂದು ಮಾತು. ಹತ್ತು ಮೀಟರಿನ ಕಾಂಕ್ರೀಟ್ ಗೋಡೆ 30 ಡಿಗ್ರಿ ಏರಿಳಿತಕ್ಕೆ ಸುಮಾರು 3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಮೂರು ಮೀಟರಿಗೊಂದು ಸಂದು ಬಿಟ್ಟು, ಗ್ರೌಟ್ ಬದಲು ಮೆದು ಸೀಲೆಂಟ್ ತುಂಬಿಸಿ. ಗೋಡೆಯಲ್ಲೇ ಸಂದು ಇದ್ದರೆ ಚಿತ್ರದಲ್ಲೂ ಅದೇ ಜಾಗದಲ್ಲಿ ಇರಬೇಕು. ಮುಚ್ಚಿದರೆ ಮೊಸಾಯಿಕ್ ಅಲ್ಲೇ ಸೀಳುತ್ತದೆ.

ಬಿಳಿ ಪುಡಿ ಬರುತ್ತಿದೆ, ಆಸಿಡ್ ಹಾಕಲೇ?

ಬೇಡ. ಅದು ಸಿಮೆಂಟು, ಇಟ್ಟಿಗೆಯೊಳಗಿನ ಉಪ್ಪು. ನೀರಿನ ಜೊತೆ ಹೊರಬಂದು ಒಣಗಿದ್ದು. ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ, ತೊಳೆದರೆ ಅದೇ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಆಸಿಡ್ ಗ್ರೌಟನ್ನೇ ತಿಂದು ನೀರಿಗೆ ಹೊಸ ದಾರಿ ಮಾಡಿಕೊಡುತ್ತದೆ. ಎರಡನೇ ಮಳೆಗಾಲಕ್ಕೂ ಬಂದರೆ ಗೋಡೆಗೆ ಎಲ್ಲಿಂದಲೋ ನೀರು ನುಗ್ಗುತ್ತಿದೆ, ಅದನ್ನು ಹುಡುಕಿ.

ಜನ ಗಲೀಜು ಮಾಡುತ್ತಾರೆಂದು ದೇವರ ಟೈಲ್ ಹಾಕಿದ್ದೇವೆ. ಬದಲಿಗೆ ಮೊಸಾಯಿಕ್ ಆದೀತೇ?

ಆಗುತ್ತದೆ, ಅದೇ ಮರ್ಯಾದೆ ಎಂದು ನಮಗನ್ನಿಸುತ್ತದೆ. ದೇವರನ್ನು ಕಾವಲಿಗೆ ನಿಲ್ಲಿಸುವುದಕ್ಕಿಂತ ಊರಿನ ಕೆರೆ, ಹಕ್ಕಿ, ಸುಗ್ಗಿಯನ್ನು ಕೂರಿಸಿ. ಜೊತೆಗೆ ಒಂದು ದೀಪ, ಬುಡದಲ್ಲಿ ನೀರು ನಿಲ್ಲದ ಇಳಿಜಾರು ಬೇಕೇ ಬೇಕು.

ಶಾಲೆಯ ಮಕ್ಕಳನ್ನು ಸೇರಿಸಿಕೊಳ್ಳಬಹುದೇ?

ಜೋಡಿಸಲು ಖಂಡಿತ. ಕತ್ತರಿಸುವುದು ದೊಡ್ಡವರ ಕೆಲಸ: ಕಣ್ಣಿಗೆ ಕನ್ನಡಕ, ಯಂತ್ರವಾದರೆ ನೀರು ಹಾಯಿಸಿ ಕತ್ತರಿಸುವುದು, ಎನ್95 ಮುಖಗವಸು. ಟೈಲ್ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ. ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಪ್ಪಂದದಲ್ಲಿ ಏನಿರಬೇಕು?

ಅಳತೆ, ಒಪ್ಪಿದ ಮಾದರಿ ತುಂಡು (ಎರಡೂ ಕಡೆಯವರ ಸಹಿಯೊಂದಿಗೆ), ಟೈಲ್ ಮತ್ತು ಅಂಟಿನ ದರ್ಜೆ, ಗೋಡೆ ಸಿದ್ಧಪಡಿಸುವುದು ಯಾರ ಖರ್ಚು, ಸಾರುವೆ ಯಾರದ್ದು, ಹಂತಹಂತದ ಹಣ. ಮುಂದೆ ಕಟ್ಟಡ ಕೆಡವಿದರೆ ಕಲಾವಿದರಿಗೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದನ್ನೂ ಬರೆಯಿರಿ. ದಿಲ್ಲಿಯ ವಿಜ್ಞಾನ ಭವನದಲ್ಲಿದ್ದ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಮ್ಯೂರಲ್ಲನ್ನು 1979ರಲ್ಲಿ ಅವರಿಗೆ ಹೇಳದೆ ಕೇಳದೆ ಕಿತ್ತುಹಾಕಲಾಯಿತು. 2005ರಲ್ಲಿ ದಿಲ್ಲಿ ಹೈಕೋರ್ಟ್, ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಆಧಾರದಲ್ಲಿ, ಉಳಿದ ಭಾಗಗಳನ್ನು ಕಲಾವಿದರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಹೇಳಿತು. ಹಣ ಕೊಟ್ಟು ಮಾಡಿಸಿದ ಮಾತ್ರಕ್ಕೆ ಕೃತಿಯನ್ನು ಹೇಗೆ ಬೇಕಾದರೂ ಹಾಳುಮಾಡುವಂತಿಲ್ಲ.

ಆಮೇಲೆ ಆರೈಕೆ ಏನು?

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ನೀರು ಮತ್ತು ಸೌಮ್ಯ ಸೋಪಿನಿಂದ ಮೆದು ಬ್ರಷ್ಷಿನಲ್ಲಿ ತೊಳೆಯಿರಿ. ಅದೇ ದಿನ ಗೋಡೆಯನ್ನು ತಟ್ಟಿ ನೋಡಿ. ಟೊಳ್ಳು ಸದ್ದು, ಬಿರಿದ ಗ್ರೌಟ್ ಕಂಡರೆ ಆಗಲೇ ಸರಿಪಡಿಸಿ. ಒಂದು ತುಂಡು ಬಿದ್ದ ತೂತಿನಿಂದ ನೀರು ನುಗ್ಗಿ ಸುತ್ತಲಿನ ಇಪ್ಪತ್ತನ್ನು ಸಡಿಲ ಮಾಡಲು ಒಂದು ಮಳೆಗಾಲ ಸಾಕು. ಕೆಲಸ ಮುಗಿದ ದಿನ ಪ್ರತಿ ಬಣ್ಣದ ಟೈಲ್ ಅರ್ಧ ಕೆ.ಜಿ., ಗ್ರೌಟಿನ ಒಂದು ಪೊಟ್ಟಣ, ಹಾಳೆಗಳ ಸಂಖ್ಯೆ ಬರೆದ ನಕ್ಷೆ ಇವನ್ನು ಕೇಳಿ ಪಡೆದು ಒಂದು ಡಬ್ಬಿಯಲ್ಲಿ ಹಾಕಿ, ಮೇಲೆ ಗೋಡೆಯ ಹೆಸರು, ವರ್ಷ ಬರೆದು ಅದೇ ಕಟ್ಟಡದಲ್ಲಿ ಇಡಿ. ಗ್ರೌಟ್ ಪೊಟ್ಟಣಕ್ಕೆ ತೇವ ತಾಗಬಾರದು. ಎರಡು ವರ್ಷ ಕಳೆದರೆ ಅದು ಕೆಲಸಕ್ಕೆ ಬಾರದಿದ್ದರೂ ಬಣ್ಣ ಹೊಂದಿಸಿ ನೋಡಲು ಬೇಕಾಗುತ್ತದೆ.